ಗೋಡೆ ದಾಟುವ ಲೆಕ್ಕ

ಪ್ರತಿ ಮನೆಯಲ್ಲೂ ದೇವರಿಗೊಂದು ಮೂಲೆ, ಪೊರಕೆಗೊಂದು ಮೂಲೆ ಇರುವ ಹಾಗೆ ಈಗ ಮೊಬೈಲಿಗೂ ಒಂದು ಮೂಲೆ ಇದೆ. ಅದು ವಾಸ್ತುಶಾಸ್ತ್ರದವರು ಹೇಳಿದ್ದಲ್ಲ, ಮನೆಯವರೇ ತಿರುಗಾಡಿ ಕಂಡುಕೊಂಡದ್ದು. ಒಬ್ಬರ ಮನೆಯಲ್ಲಿ ಅದು ಮಹಡಿ ಮೆಟ್ಟಿಲಿನ ಮೂರನೆಯ ಹಂತ, ಇನ್ನೊಬ್ಬರಲ್ಲಿ ತುಳಸಿಕಟ್ಟೆಯ ಎಡಗಡೆ, ಮತ್ತೊಬ್ಬರಲ್ಲಿ ಬಚ್ಚಲ ಬಾಗಿಲ ಬಳಿ ಕುತ್ತಿಗೆ ಚಾಚಿ ನಿಂತರೆ ಮಾತ್ರ. ಅಲ್ಲಿ ನಿಂತು ನಾವು "ಹಲೋ, ಹಲೋ, ಕೇಳ್ತಿದೆಯಾ?" ಎಂದು ಕೂಗುವ ಕೂಗಿಗೆ ಮನೆಯ ಗುಟ್ಟೆಲ್ಲ ಬೀದಿಗೆ ತಲುಪುತ್ತದೆ, ಫೋನಿನ ಆ ಕಡೆಯವರಿಗೆ ಮಾತ್ರ ತಲುಪುವುದಿಲ್ಲ.

ಹೆಚ್ಚಿನ ಮನೆಗಳಲ್ಲಿ ಈ ಮೂಲೆ ಇರುವುದು ಜಗಲಿಯ ಕಡೆ, ಹಾಲಿನ ಕಡೆ. ಅಡುಗೆಮನೆಯಲ್ಲಿ, ಬಾಣಂತಿ ಕೋಣೆಯಲ್ಲಿ, ವಯಸ್ಸಾದವರು ಮಲಗುವ ಒಳಕೋಣೆಯಲ್ಲಿ ಅದು ಸಿಗುವುದು ಅಪರೂಪ. ಇದನ್ನು ನಾವು "ನೆಟ್‌ವರ್ಕ್ ಇಲ್ಲ" ಎಂಬ ಎರಡು ಪದದಲ್ಲಿ ಮುಗಿಸಿ, ಮಳೆ ಬಾರದಿದ್ದರೆ ಮುಗಿಲು ನೋಡಿದ ಹಾಗೆ ಫೋನಿನ ಮುಖ ನೋಡಿ ಸುಮ್ಮನಾಗುತ್ತೇವೆ. ಆದರೆ ಯಾವ ಅಲೆ ಯಾವ ಗೋಡೆಯನ್ನು ಎಷ್ಟು ದಾಟುತ್ತದೆ, ಮನೆಯ ಯಾವ ಮೂಲೆಗೆ ಎಷ್ಟು ಉಳಿದು ಬರುತ್ತದೆ ಎಂಬುದನ್ನು ಮೊದಲೇ ಅಂದಾಜು ಮಾಡುವ ಒಂದು ಶಾಸ್ತ್ರವೇ ಇದೆ. ಬಿ.ಎ., ಬಿ.ಎಡ್. ಓದಿ ಮಕ್ಕಳಿಗೆ ಚಾಲುಕ್ಯರನ್ನೂ ಗ್ರಾಮ ಪಂಚಾಯತಿಯನ್ನೂ ಕಲಿಸುವ ನನಗೆ ಅದರ ಗೋಜು ಬೇಕಿರಲಿಲ್ಲ. ನಮ್ಮ ಅಮ್ಮನ ದೆಸೆಯಿಂದ ಬೇಕಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಅಮ್ಮನ ಮನೆ ಇರುವುದು ಹೊಳಲ್ಕೆರೆಯಲ್ಲಿ. ನಾನು ಹುಟ್ಟಿ ಬೆಳೆದ, ಎರಡಡಿ ದಪ್ಪದ ಮಣ್ಣಿನ ಗೋಡೆಯ ಮಾಳಿಗೆ ಮನೆ. ಆಗ ಆ ಮನೆಯಲ್ಲಿ ಒಂದು ರೇಡಿಯೋ ಇತ್ತು. ನಡುಮನೆಯ ಗೂಡಿನಲ್ಲಿ ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿರುತ್ತಿತ್ತು. ಅಪ್ಪ ಊರಲ್ಲಿಲ್ಲದ ದಿನ ಅಮ್ಮ ಅದನ್ನು ಎತ್ತಿಕೊಂಡು ಹೋಗಿ ಒರಳುಕಲ್ಲಿನ ಪಕ್ಕ ಇಟ್ಟುಕೊಂಡರೂ ಭದ್ರಾವತಿ ಆಕಾಶವಾಣಿ ಅಷ್ಟೇ ಸೊಗಸಾಗಿ ಕೇಳುತ್ತಿತ್ತು. ಒಳಕೋಣೆಗೆ ಒಯ್ದರೂ ಕೇಳುತ್ತಿತ್ತು. ಈಗ ಅದೇ ಮನೆಯಲ್ಲಿ, ಅದಕ್ಕಿಂತ ಸಾವಿರ ಪಾಲು ಜಾಣ ಯಂತ್ರವೆನಿಸಿಕೊಂಡ ಮೊಬೈಲು ನಡುಮನೆ ದಾಟಿದ ಕೂಡಲೇ ಮೂಕವಾಗುತ್ತದೆ. ಇದೆಂಥ ಪ್ರಗತಿ ಎಂದು ನನಗೆ ಕುತೂಹಲ.

ನಮ್ಮ ಶಾಲೆಯ ಗಣಿತದ ಮೇಡಂ ಇದಕ್ಕೆ ಉತ್ತರ ಕೊಟ್ಟರು. ಭದ್ರಾವತಿಯ ಅಲೆ 675 ಕಿಲೋಹರ್ಟ್ಸ್‌ನದು, ಅದರ ಒಂದೊಂದು ಅಲೆಯ ಉದ್ದ ಸುಮಾರು 444 ಮೀಟರ್. ಹೊಳಲ್ಕೆರೆಯ ಒಂದು ಬೀದಿಯಷ್ಟು ಉದ್ದದ ಅಲೆಗೆ ಎರಡಡಿ ಮಣ್ಣಿನ ಗೋಡೆ ಯಾವ ಲೆಕ್ಕ? ಮುಂದೆ ದುರ್ಗದಲ್ಲೇ ಆಕಾಶವಾಣಿಯ ಎಫ್‌ಎಂ ಕೇಂದ್ರ ಬಂತು, 102.6 ಮೆಗಾಹರ್ಟ್ಸ್, ಅದರ ಅಲೆ ಸುಮಾರು 3 ಮೀಟರ್. ಮೊಬೈಲಿನದು 900 ಮೆಗಾಹರ್ಟ್ಸ್ ಆದರೆ 33 ಸೆಂಟಿಮೀಟರ್, 1800 ಆದರೆ ಅದರರ್ಧ, ಅಂದರೆ ಒಂದು ಗೇಣಿಗೂ ಕಡಿಮೆ. ಇಷ್ಟು ಗಿಡ್ಡ ಅಲೆಗೆ ಎರಡಡಿ ಗೋಡೆ ಎಂದರೆ ನಾಲ್ಕು ಹೆಜ್ಜೆಯ ಕೆಸರುಗದ್ದೆ ಇದ್ದಂತೆ. ದಾಟುತ್ತದೆ, ಆದರೆ ಶಕ್ತಿಯೆಲ್ಲ ಅಲ್ಲೇ ಸೋರಿರುತ್ತದೆ. ಆ ಮೇಡಂ ಇನ್ನೊಂದು ಮಾತನ್ನೂ ಸೇರಿಸಿದರು. ಕಬ್ಬಿಣದ ಸರಳಿನ ಜಾಲವಿರುವ ಕಾಂಕ್ರೀಟ್ ಮನೆಯಲ್ಲಿ ಇದು ತಿರುಗುಮುರುಗು. ಜಾಲದ ಕಣ್ಣಿಗಿಂತ ಬಹಳ ಉದ್ದವಾದ ಅಲೆಯನ್ನು ಜಾಲ ತಡೆಯುತ್ತದೆ. ಅದಕ್ಕೇ ಕಾಂಕ್ರೀಟ್ ಮನೆಗೆ ಬಂದ ಮೇಲೆ ಹಳೆಯ ರೇಡಿಯೋವನ್ನು ಕಿಟಕಿಯ ಬಳಿ ಇಡಬೇಕಾದದ್ದು. ಮನೆ ಬದಲಾದ ಹಾಗೆ ಅಲೆಯ ಹಣೆಬರಹವೂ ಬದಲಾಗುತ್ತದೆ.

ರೇಡಿಯೋ ಅಲೆ ಗೋಡೆ ದಾಟುವುದನ್ನು ನಮ್ಮ ದೇಶದವರೇ ಬಹಳ ಹಿಂದೆ ತೋರಿಸಿಕೊಟ್ಟಿದ್ದಾರೆ. 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಜಗದೀಶಚಂದ್ರ ಬೋಸರು ಎಲ್ಲರೆದುರು ಒಂದು ಪ್ರಯೋಗ ಮಾಡಿದರು. ಅವರ ಉಪಕರಣದಿಂದ ಹೊರಟ ಅಲೆ ನಡುವೆ ಇದ್ದ ಲೆಫ್ಟಿನೆಂಟ್ ಗವರ್ನರರ ದೇಹವನ್ನೂ ಗೋಡೆಗಳನ್ನೂ ದಾಟಿ, ಸುಮಾರು 75 ಅಡಿ ದೂರದ ಕೋಣೆಯಲ್ಲಿ ಗಂಟೆ ಬಾರಿಸಿತು, ಮದ್ದಿನ ಪುಡಿಯನ್ನು ಸಿಡಿಸಿತು. ಒಂದು ಕಟ್ಟಡದ ಒಳಗೆ, ಗವರ್ನರನೂ ಅಡ್ಡಿಯಾಗದೆ, ಸುದ್ದಿ ಕೋಣೆಯಿಂದ ಕೋಣೆಗೆ ಹೋಯಿತು.

ನಮ್ಮ ಕರ್ನಾಟಕದಲ್ಲಿ ಈ ಗಿಡ್ಡ ಅಲೆಗಳ ಶಾಸ್ತ್ರವನ್ನು ಬೆಳೆಸಿದವರಲ್ಲಿ ಒಬ್ಬರು ಹೆಂಗಸು. ಇದು ತಿಳಿದಾಗ ನನಗೆ ಎಷ್ಟು ಹಿಗ್ಗಾಯಿತೆಂದರೆ, ಮರುದಿನ ತರಗತಿಯಲ್ಲಿ ಚಾಲುಕ್ಯರನ್ನು ಬದಿಗಿಟ್ಟು ಅವರ ಕಥೆಯನ್ನೇ ಹೇಳಿದೆ. ಅವರು ರಾಜೇಶ್ವರಿ ಚಟರ್ಜಿ. 1922ರಲ್ಲಿ ಹುಟ್ಟಿದ ಕನ್ನಡನಾಡಿನ ಮಗಳು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು. ಮೊಮ್ಮಗಳು ಗಣಿತದಲ್ಲಿ ಎಂ.ಎಸ್‌ಸಿ. ಮುಗಿಸಿ 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ ಡಾಕ್ಟರೇಟ್ ಪಡೆದು, 1953ರಲ್ಲಿ ಹಿಂತಿರುಗಿ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಮೈಕ್ರೋವೇವ್ ಮತ್ತು ಆಂಟೆನಾಗಳ ಸಂಶೋಧನೆಗೆ ಅಡಿಪಾಯ ಹಾಕಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರ ಹೆಸರು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳಾ ಅಧ್ಯಯನದ ಕೆಲಸಕ್ಕೆ ನಿಂತರು, 2010ರಲ್ಲಿ ತೀರಿಕೊಂಡರು. ಅಲೆ ಎಲ್ಲಿಗೆ ತಲುಪುತ್ತದೆ ಎಂದು ಜೀವಮಾನವೆಲ್ಲ ನೋಡಿದವರು, ಕೊನೆಗೆ ಹೆಣ್ಣುಮಕ್ಕಳಿಗೆ ಏನೇನು ತಲುಪಿಲ್ಲ ಎಂದು ನೋಡಲು ಹೊರಟದ್ದು ನನಗೆ ಬಹಳ ಸಹಜವಾಗಿ ಕಂಡಿತು.

ಇರಲಿ, ಲೆಕ್ಕಕ್ಕೆ ಬರೋಣ. ಹೆದರಬೇಡಿ, ಹಾಲಿನವನ ಲೆಕ್ಕ ಬರೆಯಲು ಬಂದವರಿಗೆಲ್ಲ ಇದು ಬರುತ್ತದೆ. ಬಟ್ಟಬಯಲಿನಲ್ಲಿ ದೂರ ಎರಡರಷ್ಟಾದರೆ ಅಲೆಯ ಬಲ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮನೆಯೊಳಗೆ ಹಾಗಲ್ಲ. ಮಂಚ, ಬೀರು, ಬಾಗಿಲು, ಗೋಡೆ ಎಲ್ಲ ಸುಂಕ ವಸೂಲಿ ಮಾಡುವುದರಿಂದ ಬಲ ಸುಮಾರು ಏಳನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ವಾಸದ ಮನೆಗಳಿಗೆ ಕೊಟ್ಟಿರುವ ಅಂದಾಜಿನಿಂದ ಬರುವ ಲೆಕ್ಕ ಇದು. ಇಳಿಕೆಯನ್ನು ಅಳೆಯುವ ಅಳತೆಗೋಲಿಗೆ ಡೆಸಿಬೆಲ್ ಎಂದು ಹೆಸರು. 3 ಡೆಸಿಬೆಲ್ ಹೋದರೆ ಅರ್ಧ ಉಳಿಯಿತು, 10 ಹೋದರೆ ಹತ್ತನೆಯ ಒಂದು, 20 ಹೋದರೆ ನೂರನೆಯ ಒಂದು. ಇದರ ಅನುಕೂಲವೆಂದರೆ ಭಾಗಾಕಾರದ ಬದಲು ಬರೀ ಕೂಡಿಸುತ್ತಾ ಹೋದರೆ ಸಾಕು. ಮರದ ಬಾಗಿಲು ಒಂದು 3 ಅಥವಾ 4, ಇಟ್ಟಿಗೆಯ ಗೋಡೆ ಒಂದು 5 ಅಥವಾ 6, ಕಾಂಕ್ರೀಟ್ ಗೋಡೆ 10ರಿಂದ 15. ಹೀಗೆ ಗೋಡೆ ಎಣಿಸಿ ಕೂಡಿಸುವ ವಿಧಾನವನ್ನು 1990ರಲ್ಲಿ ಕೀನನ್ ಮತ್ತು ಮಾಟ್ಲಿ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ಪ್ರಕಟಿಸಿದರು. ಇಷ್ಟು ದೊಡ್ಡ ಶಾಸ್ತ್ರದ ಬುಡದಲ್ಲಿ ಇರುವುದು ಬೆರಳು ಮಡಚಿ ಗೋಡೆ ಎಣಿಸುವ ಕೆಲಸ ಎಂದು ತಿಳಿದ ಮೇಲೆ ನನಗೆ ಧೈರ್ಯ ಬಂತು.

ಧೈರ್ಯ ಬಂದವಳು ಮೊದಲು ಪರೀಕ್ಷಿಸಿದ್ದು ನಮ್ಮ ಮನೆಯನ್ನೇ. ನಾವಿರುವುದು ಚಿತ್ರದುರ್ಗದಲ್ಲಿ, ಕೋಟೆಯ ಬೆಟ್ಟದ ಮಗ್ಗುಲಲ್ಲಿ. ಟವರು ಬೆಟ್ಟದ ಆಚೆಗೆ. ನಡುವೆ ಇರುವುದು ಗೋಡೆಯಲ್ಲ, ಇಡೀ ಕಲ್ಲುಬೆಟ್ಟ. ಅದನ್ನು ತೂರಿ ಬರುವುದು ಯಾವ ಅಲೆಗೂ ಸಾಧ್ಯವಿಲ್ಲ. ಆದರೂ ನಮ್ಮ ಮನೆಯಲ್ಲಿ ಫೋನು ಅಷ್ಟಿಷ್ಟು ಮಾತಾಡುತ್ತದೆ, ಹೇಗೆ? ಅಲೆ ಬೆಟ್ಟದ ನೆತ್ತಿಯ ಅಂಚಿನಲ್ಲಿ ಬಾಗಿ ಕೆಳಗಿಳಿಯುತ್ತದೆ, ಎದುರು ಮನೆಯ ಗೋಡೆಗೆ ಬಡಿದು ಹಿಂದಿರುಗುತ್ತದೆ, ಕಿಟಕಿಯಲ್ಲಿ ನುಸುಳುತ್ತದೆ. ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಏಳು ಸುತ್ತಿನ ಕೋಟೆಯ ಬಾಗಿಲುಗಳಿಗೆ ಹೋಗುವ ದಾರಿ ನೇರವಾಗಿಲ್ಲ, ತಿರುತಿರುಗಿ ಹೋಗುತ್ತದೆ. ಶತ್ರುವಿನ ಆನೆಯಾಗಲಿ ದಂಡಾಗಲಿ ಒಂದೇ ಓಟದಲ್ಲಿ ಬಂದು ಬಾಗಿಲಿಗೆ ಗುದ್ದಬಾರದು, ಪ್ರತಿ ತಿರುವಿನಲ್ಲೂ ಅದರ ಬಲ ಕುಗ್ಗಬೇಕು ಎಂಬುದು ಕಟ್ಟಿದವರ ಲೆಕ್ಕಾಚಾರ. ಅಲೆಗೂ ಅದೇ ಗತಿ, ಒಂದೊಂದು ತಿರುವಿಗೂ ಒಂದಿಷ್ಟು ಬಲ ತೆತ್ತು ಬರಬೇಕು. ಇನ್ನು, ಹೈದರನ ಸೈನಿಕರು ಬಾಗಿಲು ಬಿಟ್ಟು ಕಿಂಡಿ ಹುಡುಕಿದರು, ಅಲ್ಲಿ ಓಬವ್ವನ ಒನಕೆ ಕಾದಿತ್ತು. ಅಲೆಯೂ ಕಿಂಡಿ ಹುಡುಕುತ್ತದೆ. ಗೋಡೆ ಎಷ್ಟೇ ದಪ್ಪವಿರಲಿ, ಒಂದು ಗವಾಕ್ಷಿ ಇದ್ದರೆ ಅದರ ಪಾಲಿಗೆ ಅದೇ ಹೆಬ್ಬಾಗಿಲು. ಆದ್ದರಿಂದ ಗೋಡೆ ಎಣಿಸಿದ ಮೇಲೆ ಕಿಂಡಿಗಳನ್ನೂ ಎಣಿಸಬೇಕು.

ನಮ್ಮ ಮನೆಯಲ್ಲಿ ಇನ್ನೊಂದು ಚೋದ್ಯ ಕಂಡೆ. ಬೀರುವಿನ ಪಕ್ಕ ನಿಂತರೆ ಮಾತು ಕೇಳುತ್ತದೆ, ನಾಲ್ಕು ಬೆರಳು ಆಚೆ ಸರಿದರೆ ನಿಲ್ಲುತ್ತದೆ, ಮತ್ತೆ ನಾಲ್ಕು ಬೆರಳು ಸರಿದರೆ ಬರುತ್ತದೆ. ಮನೆಯವರು ಇದನ್ನು ಫೋನಿನ ದೆವ್ವ ಎನ್ನುತ್ತಿದ್ದರು. ದೆವ್ವವಲ್ಲ. ಒಂದೇ ಅಲೆ ನಾಲ್ಕು ಗೋಡೆಗೆ ಬಡಿದು ನಾಲ್ಕು ದಾರಿಯಲ್ಲಿ ಬಂದು ಸೇರುವಾಗ, ಒಂದು ಕಡೆ ಉಬ್ಬಿಗೆ ಉಬ್ಬು ಕೂಡಿ ಬಲವಾಗುತ್ತದೆ, ಪಕ್ಕದಲ್ಲೇ ಉಬ್ಬಿಗೆ ತಗ್ಗು ಸೇರಿ ಇಲ್ಲವಾಗುತ್ತದೆ. ಅಲೆಯ ಉದ್ದದ ಅರ್ಧಕ್ಕೊಮ್ಮೆ ಈ ಆಟ. 1800 ಮೆಗಾಹರ್ಟ್ಸ್‌ನಲ್ಲಿ ಅದು ಸರಿಯಾಗಿ ನಾಲ್ಕು ಬೆರಳಿನ ಅಗಲ. ಈ ಒಂದೊಂದು ತಗ್ಗನ್ನೂ ಮೊದಲೇ ಹೇಳಲು ಗೋಡೆ ಎಣಿಸುವ ವಿಧಾನಕ್ಕೆ ಆಗುವುದಿಲ್ಲ. ಅದು ಕೋಣೆಯ ಸರಾಸರಿಯನ್ನು ಮಾತ್ರ ಹೇಳುತ್ತದೆ. ಮದುವೆ ಮನೆಯಲ್ಲಿ ಎಷ್ಟು ಎಲೆ ಬೀಳುತ್ತವೆ ಎಂದು ಅಡುಗೆಯ ಭಟ್ಟರು ಸರಿಯಾಗಿ ಹೇಳಬಲ್ಲರು. ಯಾರು ಯಾವ ಎಲೆಗೆ ಕೂರುತ್ತಾರೆ ಎಂದು ಕೇಳಿದರೆ ಅವರೇನು ಹೇಳಿಯಾರು?

ಅಷ್ಟರಲ್ಲಿ ಹಿರಿಯೂರಿನ ತಂಗಿಯಿಂದ ಕರೆ ಬಂತು. ಅವರದು ಹೊಸ ಮನೆ, ಮೂರು ಅಂತಸ್ತು, ಕೆಳಗೆ ಅಡುಗೆಮನೆ, ಮೇಲೆ ಮಗನ ಓದುವ ಕೋಣೆ. ವೈಫೈ ಪೆಟ್ಟಿಗೆ ಮಗನ ಕೋಣೆಯಲ್ಲಿ. ಅವಳು ದಿನದ ಹೆಚ್ಚಿನ ಹೊತ್ತು ಇರುವುದು ಎರಡು ಮಾಳಿಗೆ ಕೆಳಗೆ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಿತಲ್ಲ, 1933ರಿಂದ ಬೀಳದ ಕೋಡಿ! ಇಡೀ ಹಿರಿಯೂರು ಮಾರಿಕಣಿವೆಗೆ ಓಡಿತು. ಮನೆಯಲ್ಲಿ ನೆಂಟರಿದ್ದುದರಿಂದ ತಂಗಿಗೆ ಹೋಗಲಾಗಲಿಲ್ಲ. ಗಂಡ ಅಲ್ಲಿಂದ ವಿಡಿಯೋ ಕರೆ ಮಾಡಿ ಕೋಡಿ ತೋರಿಸಿದರಂತೆ. ಒಲೆಯ ಮುಂದೆ ನಿಂತ ಇವಳಿಗೆ ಕಂಡದ್ದು ಪರದೆಯ ಮೇಲೆ ಸುತ್ತುವ ಒಂದು ಚಕ್ರ. "ಅಕ್ಕಾ, ನೀರು ಬಂತು ಅಂತಾರೆ, ನನಗೆ ಚಕ್ರ ಬಂತು" ಎಂದು ನಕ್ಕಳು. ನಗೆಯ ಹಿಂದಿನ ಬೇಸರ ನನಗೆ ತಿಳಿಯಿತು.

ಅಂಗಡಿಯವನೊಬ್ಬ ಇನ್ನೂ ದುಬಾರಿಯ ಎರಡು ಪೆಟ್ಟಿಗೆ ಕೊಳ್ಳಿ ಎಂದಿದ್ದ. ನಾನೂ ಗಣಿತದ ಮೇಡಮ್ಮೂ ಕೂತು ಲೆಕ್ಕ ಹಾಕಿದೆವು. 1992ರಲ್ಲಿ ಅಮೆರಿಕದಲ್ಲಿ ಸೀಡೆಲ್ ಮತ್ತು ರ‍್ಯಾಪಪೋರ್ಟ್ ಎಂಬುವರು 914 ಮೆಗಾಹರ್ಟ್ಸ್ ಅಲೆ ಬಳಸಿ ಬಹುಮಹಡಿ ಕಟ್ಟಡಗಳನ್ನು ಅಳೆದು ಪ್ರಕಟಿಸಿದ ಅಂಕಿಗಳಿವೆ. ಒಂದು ಕಟ್ಟಡದಲ್ಲಿ ಮೊದಲ ಮಾಳಿಗೆಗೆ ಸುಮಾರು 13 ಡೆಸಿಬೆಲ್ ಹೋಯಿತು, ಎರಡಕ್ಕೆ 19, ಮೂರಕ್ಕೆ 24, ನಾಲ್ಕಕ್ಕೆ 27. ನೋಡಿ, ಮೊದಲನೆಯ ಮಾಳಿಗೆ ತಿಂದಷ್ಟನ್ನು ಎರಡನೆಯದು ತಿನ್ನಲಿಲ್ಲ. ಯಾಕೆಂದರೆ ಅಲೆಯೇನು ನೆಲವನ್ನು ಕೊರೆದುಕೊಂಡೇ ಬರಬೇಕೆಂದಿಲ್ಲ. ಕಿಟಕಿಯಿಂದ ಹೊರಗೆ ಹೋಗಿ, ಕೆಳಗಿನ ಕಿಟಕಿಯಿಂದ ಒಳಗೆ ಬರಬಹುದು, ಮೆಟ್ಟಿಲಿನ ದಾರಿಯಲ್ಲಿ ನಮ್ಮ ಹಾಗೆ ಇಳಿದೂ ಬರಬಹುದು. ಆದರೆ ತಂಗಿಯ ಮನೆಯ ಕಿಟಕಿಗಳಿಗೆ ಬಿಸಿಲು ತಡೆಯುವ, ಲೋಹದ ತೆಳು ಲೇಪವಿರುವ ಗಾಜು. ನೋಡಲು ಗಾಜು, ಅಲೆಗೆ ತಗಡು. ನೂರರಲ್ಲಿ ಒಂದು ಪಾಲನ್ನೂ ಬಿಡದೆ ತಡೆಯುವಂಥ ಗಾಜುಗಳಿವೆ. ಆ ಕಿಂಡಿ ಮುಚ್ಚಿದ್ದರಿಂದ ಉಳಿದದ್ದು ಮೆಟ್ಟಿಲೊಂದೇ. ಪೆಟ್ಟಿಗೆಯನ್ನು ಮೊದಲ ಮಹಡಿಯ ಮೆಟ್ಟಿಲು ತಿರುಗುವ ಜಾಗಕ್ಕೆ ಇಳಿಸಲು ಹೇಳಿದೆವು. ಮೇಲಿನ ಮಗನಿಗೂ ಕೆಳಗಿನ ತಾಯಿಗೂ ಅಲ್ಲಿಂದ ಒಂದೊಂದು ಇಟ್ಟಿಗೆ ಗೋಡೆ ಮಾತ್ರ ಅಡ್ಡ. ಹೊಸದಾಗಿ ಬೇಕಾದದ್ದು ಹತ್ತು ಮೀಟರ್ ತಂತಿ, ನಾಲ್ಕು ಮೊಳೆ. ಮಗನಿಗೆ ಸ್ವಲ್ಪ ಕಡಿಮೆಯಾಯಿತು, ತಾಯಿಗೆ ಬಂತು. ಇಷ್ಟು ದಿನ ಆ ಪೆಟ್ಟಿಗೆಯ ಬಾಡಿಗೆಯನ್ನು ಮನೆಖರ್ಚಿನಿಂದಲೇ ಕೊಡುತ್ತಿದ್ದರು ಎಂಬುದು ಅವತ್ತಿನವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ.

ಹೊಸದುರ್ಗದಲ್ಲಿರುವ ನನ್ನ ನಾದಿನಿಯದು ಬೇರೆಯ ಕಷ್ಟ. ಅವರದು ತೆಂಗಿನ ತೋಟದೊಳಗಿನ ಮನೆ, ಪಕ್ಕದಲ್ಲಿ ಕೊಬ್ಬರಿ ದಾಸ್ತಾನಿನ ಉದ್ದನೆಯ ಕೊಟ್ಟಿಗೆ. ಸೂರು, ಗೋಡೆ, ಬಾಗಿಲು ಎಲ್ಲವೂ ತಗಡಿನದು. ಕೊಬ್ಬರಿ ಸುಲಿಯುವ ಕಾಲದಲ್ಲಿ ಆಕೆಯೂ ನಾಲ್ಕಾರು ಹೆಂಗಸರೂ ಇಡೀ ದಿನ ಅದರೊಳಗೇ. ತಗಡು ಅಲೆಯನ್ನು ತಿನ್ನುವುದಿಲ್ಲ, ಕನ್ನಡಿಯ ಹಾಗೆ ತಿರುಗಿಸಿ ಕಳಿಸಿಬಿಡುತ್ತದೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ನೋಂದಣಿಗೆ, ಬ್ಯಾಂಕಿನ ಕೆಲಸಕ್ಕೆ ಎಂದು ಆ ಹೆಂಗಸರ ಫೋನಿಗೆ ಗುಪ್ತಸಂಖ್ಯೆ ಬರಬೇಕು. ಅದರ ಆಯುಷ್ಯ ಕೆಲವೇ ನಿಮಿಷ. ಕೆಲಸ ಮುಗಿಸಿ ಹೊರಗೆ ಬರುವಷ್ಟರಲ್ಲಿ ಬಂದ ಸಂಖ್ಯೆಗಳೆಲ್ಲ ಸತ್ತಿರುತ್ತಿದ್ದವು. ಅಲ್ಲಿ ಲೆಕ್ಕವೇನೂ ಬೇಕಾಗಲಿಲ್ಲ. ಟವರಿರುವ ದಿಕ್ಕಿನ ತಗಡಿನಲ್ಲಿ ಎದೆಮಟ್ಟಕ್ಕೆ ಒಂದು ಹಾಳೆ ತೆಗೆಸಿ, ಅಲ್ಲಿಗೆ ಬೆಳಕಿಗೆಂದು ಹಾಕುವ ಪ್ಲಾಸ್ಟಿಕ್ಕಿನ ಹಾಳೆ ಕೂರಿಸಿದರು. ಪ್ಲಾಸ್ಟಿಕ್ಕಿಗೆ ಬೆಳಕೂ ಒಂದೇ, ಅಲೆಯೂ ಒಂದೇ. ಆ ಹಾಳೆಯ ಕೆಳಗೆ ಒಂದು ಬುಟ್ಟಿ ತೂಗುಹಾಕಿ ಎಲ್ಲರ ಫೋನನ್ನೂ ಅದರಲ್ಲಿಟ್ಟರು. ಕೊಬ್ಬರಿಯ ಮೇಲೂ ಬೆಳಕು ಬಿತ್ತು.

ಇನ್ನು ಅಮ್ಮನ ವಿಚಾರ. ಅಪ್ಪ ಹೋದ ಮೇಲೆ ಅಮ್ಮ ಹೊಳಲ್ಕೆರೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಎಂಬತ್ತು ದಾಟಿದೆ. ಕೈಲಾಗುವುದಿಲ್ಲ ಎನ್ನುವವರಲ್ಲ, ಆದರೆ ಫೋನು ಎತ್ತುವುದಿಲ್ಲ. ಎತ್ತುವುದೆಲ್ಲಿಂದ, ಅದು ಬಡಿಯುವುದೇ ಇಲ್ಲ. ಬೆಂಗಳೂರಿನ ತಮ್ಮ ರಾತ್ರಿ ಹತ್ತು ಸಲ ಮಾಡುತ್ತಾನೆ, "ವ್ಯಾಪ್ತಿ ಪ್ರದೇಶದಲ್ಲಿಲ್ಲ" ಎನ್ನುತ್ತದೆ. ಗಾಬರಿಯಾಗಿ ಪಕ್ಕದ ಮನೆಯವರನ್ನು ಎಬ್ಬಿಸುತ್ತಾನೆ. ಅವರು ಬಾಗಿಲು ಬಡಿದರೆ ಅಮ್ಮ ಒಳಕೋಣೆಯಲ್ಲಿ ಸುಖವಾಗಿ ನಿದ್ದೆ ಮಾಡುತ್ತಿರುತ್ತಾರೆ. 2023ರ ಮಳೆಗಾಲದಲ್ಲಿ ಅವರು ಹಿತ್ತಿಲಲ್ಲಿ ಜಾರಿ ಬಿದ್ದು ಮಣಿಕಟ್ಟು ಉಳುಕಿತು. ಆ ದಿನ ಸಂಜೆಯವರೆಗೆ ನಮಗ್ಯಾರಿಗೂ ತಿಳಿಯಲಿಲ್ಲ. ಅವತ್ತೇ ತಮ್ಮ ತೀರ್ಮಾನಿಸಿಬಿಟ್ಟ. ಮನೆ ಮಾರುವುದು, ಅಮ್ಮನನ್ನು ಬೆಂಗಳೂರಿನ ಏಳನೆಯ ಮಹಡಿಗೆ ಕರೆದೊಯ್ಯುವುದು.

ಅವನದು ತಪ್ಪೆಂದು ನಾನು ಹೇಳಲಾರೆ. ದೂರದಲ್ಲಿರುವ ಮಕ್ಕಳ ಭಯ ದೂರದಲ್ಲಿರುವವರಿಗೇ ಗೊತ್ತು. ಆದರೆ ಅಮ್ಮ ಆ ದಿನ ಉಣ್ಣಲಿಲ್ಲ. "ನಾನು ಬಿದ್ದದ್ದು ಕಾಲು ಜಾರಿ, ಮನೆ ಏನು ಮಾಡೈತೆ?" ಎಂದಷ್ಟೇ ಕೇಳಿದರು. ಬಾವಿಕಟ್ಟೆ, ಕರಿಬೇವಿನ ಗಿಡ, ಮಧ್ಯಾಹ್ನ ಬಂದು ಕೂರುವ ಮೂವರು ಗೆಳತಿಯರು, ಇಷ್ಟನ್ನೂ ಬಿಟ್ಟು ಹೋಗುವುದಕ್ಕೆ ಕಾರಣ ಒಂದು ಫೋನು ಬಡಿಯದಿರುವುದು! ನಾನು ತಮ್ಮನಿಂದ ಹದಿನೈದು ದಿನ ಕೇಳಿಕೊಂಡೆ.

ಮುಂದಿನ ಭಾನುವಾರ ಹೊಳಲ್ಕೆರೆಗೆ ಹೋಗಿ ಮನೆಯ ನಕ್ಷೆ ಬರೆದೆ. ಹೆಜ್ಜೆ ಅಳೆದು, ಚೌಕಳಿ ಪುಸ್ತಕದಲ್ಲಿ. ಅಮ್ಮನ ಸಿಮ್ಮನ್ನು ನನ್ನ ಫೋನಿಗೆ ಹಾಕಿದೆ. ಸೆಟ್ಟಿಂಗಿನೊಳಗೆ ಹುಡುಕಿದರೆ ಅಲೆಯ ಬಲವನ್ನು ಫೋನೇ ಅಂಕಿಯಲ್ಲಿ ತೋರಿಸುತ್ತದೆ, ಋಣಸಂಖ್ಯೆಯಲ್ಲಿ. ಋಣ ಹೆಚ್ಚಾದಷ್ಟೂ ಬಡತನ ಹೆಚ್ಚು, ಸಂಸಾರದ ಹಾಗೆಯೇ. ಋಣ 105ರ ಆಚೆ ಹೋದರೆ ಮಾತು ತುಂಡಾಗತೊಡಗುತ್ತದೆ. ಜಗಲಿಯಲ್ಲಿ ಋಣ 75 ಇತ್ತು. ಮೊದಲ ಗೋಡೆ ದಾಟಿ ನಡುಮನೆಗೆ ಬಂದರೆ 87. ಅಂದರೆ ನಮ್ಮ ಅಜ್ಜ ಕಟ್ಟಿಸಿದ ಗೋಡೆಯ ಸುಂಕ 12 ಡೆಸಿಬೆಲ್. ಅಲ್ಲಿಗೆ ಅಳೆಯುವುದನ್ನು ನಿಲ್ಲಿಸಿ ಜಗಲಿಯಲ್ಲಿ ಕೂತು ಉಳಿದ ಕೋಣೆಗಳ ಅಂಕಿಯನ್ನು ಬರೆದೆ. ಎರಡನೆಯ ಗೋಡೆಯ ಆಚೆ 99, ಮೂರನೆಯದರ ಆಚೆ, ಅಮ್ಮ ಮಲಗುವ ಒಳಕೋಣೆಯಲ್ಲಿ 111. ಆಮೇಲೆ ಹೋಗಿ ನೋಡಿದರೆ ಎರಡನೆಯದರಲ್ಲಿ 97 ಬಂತು, ಒಳಕೋಣೆಯಲ್ಲಿ ಫೋನು ಅಂಕಿ ತೋರಿಸುವುದನ್ನೇ ಬಿಟ್ಟಿತು. ಹೇಳಿದ ಹಾಗೆಯೇ ಆಯಿತೆಂದು ಸಂತೋಷಪಡಲೋ, ಒಳಕೋಣೆ ಕತ್ತಲೆಂದು ದುಃಖಪಡಲೋ ತಿಳಿಯಲಿಲ್ಲ.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ಯಾವಾಗಲೂ ಮುಂಬಾಗಿಲಿಂದಲೇ ಯಾಕೆ ಎಣಿಸ್ತಿ? ಹಿಂಬಾಗಿಲು ಇಲ್ವೇನು?" ಎಂದರು. ಹಿತ್ತಿಲಿಗೆ ಹೋದೆ. ಬಾವಿಯ ಆಚೆ ಪಕ್ಕದವರು ಎತ್ತರದ ಕಾಂಕ್ರೀಟ್ ಗೋಡೆ ಎಬ್ಬಿಸಿದ್ದರು. ಬಿಸಿಲು ತಡೆಯುತ್ತದೆಂದು ಅಮ್ಮ ದಿನಾ ಬೈಯುವ ಗೋಡೆ ಅದು. ಮನೆಯ ಮೇಲಿಂದ ಹಾದುಹೋದ ಅಲೆ ಅದಕ್ಕೆ ಬಡಿದು ನಮ್ಮ ಹಿತ್ತಿಲಿಗೆ ತಿರುಗಿ ಬರುತ್ತಿತ್ತು. ಹಿತ್ತಿಲಲ್ಲಿ ಋಣ 88! ಅಲ್ಲಿಂದ ಅಡುಗೆಮನೆಗೆ ಅಡ್ಡ ಇರುವುದು ಹಳೆಯ ಮರದ ಬಾಗಿಲೊಂದೇ, ಅದಕ್ಕೊಂದು 4 ಸೇರಿಸಿ. ಬಾಗಿಲ ಪಕ್ಕದ ದೀಪದ ಗೂಡಿನಲ್ಲಿ 92 ಇರಬೇಕು ಎಂದು ಬರೆದೆ. ಇಟ್ಟು ನೋಡಿದರೆ 95. ಮೂರರ ವ್ಯತ್ಯಾಸ ಗೂಡಿನದೋ ನಾಲ್ಕು ಬೆರಳಿನ ಆಟದ್ದೋ, ಇರಲಿ. 105ಕ್ಕೆ ಇನ್ನೂ 10 ಬಾಕಿ. ಈ ಬಾಕಿ ಬೇಕು. ಮಳೆ ನೆನೆದ ಮಣ್ಣು ಒಣಮಣ್ಣಿಗಿಂತ ಹೆಚ್ಚು ಸುಂಕ ಕೇಳುತ್ತದೆ, ಹಬ್ಬಕ್ಕೆ ಮನೆ ತುಂಬ ನೆಂಟರಿದ್ದರೆ ಅವರ ಮೈಯೂ ಒಂದಿಷ್ಟು ತಿನ್ನುತ್ತದೆ. ಮುಂದಿನ ತಿಂಗಳು ಜಡಿಮಳೆಯಲ್ಲಿ ಹೋಗಿ ನೋಡಿದಾಗ 98 ಇತ್ತು, ಮಾತು ಸರಾಗವಾಗಿತ್ತು.

ಈಗ ಅಮ್ಮನ ಫೋನು ಅಲ್ಲೇ ಇರುತ್ತದೆ, ಜೋರು ಗಂಟೆಯೊಂದಿಗೆ. ಚಾರ್ಜಿಗೊಂದು ಪ್ಲಗ್ ಹಾಕಿಸಿದೆವು. ರಾತ್ರಿ ಅವರು ಮಲಗುವುದೂ ಈಗ ಒಳಕೋಣೆಯಲ್ಲಲ್ಲ, ಅಡುಗೆಮನೆಗೆ ಅಂಟಿದ ಪಡಸಾಲೆಯಲ್ಲಿ. ಅದು ಅವರೇ ಮಾಡಿಕೊಂಡ ಏರ್ಪಾಡು. ತಮ್ಮ ರಾತ್ರಿ ಏಳಕ್ಕೆ ಮಾಡುತ್ತಾನೆ, ಮೂರನೆಯ ಗಂಟೆಗೆ ಅಮ್ಮ ಎತ್ತುತ್ತಾರೆ. ಮನೆ ಮಾರುವ ಮಾತು ನಿಂತಿದೆ. ಇನ್ನೆಷ್ಟು ವರ್ಷವೋ, ಅದನ್ನು ಯಾವ ಲೆಕ್ಕವೂ ಹೇಳುವುದಿಲ್ಲ. ಇದ್ದಷ್ಟು ದಿನ ಅವರ ಬಾವಿಕಟ್ಟೆ ಅವರದು.

ನಾಲ್ಕು ಮನೆ ಎಣಿಸಿದ ಮೇಲೆ ನನಗನ್ನಿಸಿದ್ದಿಷ್ಟು. ಅಲೆಗೆ ಗಂಡು ಹೆಣ್ಣೆಂಬ ಭೇದವಿಲ್ಲ, ಒಳಗಿನವರು ಹೊರಗಿನವರು ಎಂಬುದಿಲ್ಲ. ಗೋಡೆ ಎಷ್ಟಿದೆಯೋ ಅಷ್ಟು ಕಳೆದುಕೊಂಡು ಉಳಿದದ್ದನ್ನು ಕೊಡುತ್ತದೆ. ಆ ಗೋಡೆಗಳನ್ನು ಎಲ್ಲಿ ಎಬ್ಬಿಸಬೇಕು, ಅವುಗಳ ಹಿಂದೆ ಯಾರಿರಬೇಕು, ಪೆಟ್ಟಿಗೆ ಯಾರ ಕೋಣೆಯಲ್ಲಿರಬೇಕು ಎಂದು ನಿಶ್ಚಯಿಸಿದವರು ನಾವು. ಗೋಡೆ ಎಣಿಸುವ ಶಾಸ್ತ್ರ ಗೋಡೆಯ ಹಿಂದೆ ಯಾರು ಕೂತಿದ್ದಾರೆ ಎಂದು ಕೇಳುವುದಿಲ್ಲ. ಆ ಒಂದು ಸಾಲನ್ನು ಲೆಕ್ಕಕ್ಕೆ ನಾವೇ ಸೇರಿಸಬೇಕು. ಸೇರಿಸಲು ಒಂದು ಚೌಕಳಿ ಪುಸ್ತಕ, ಒಂದು ಪೆನ್ಸಿಲು, ಒಂದು ಭಾನುವಾರ ಸಾಕು.

ಮನೆ ಕಟ್ಟಿಸುವವರಿದ್ದರೆ ಅದೂ ಬೇಡ. ಹೋದ ತಿಂಗಳು ಹಿರಿಯೂರಿನಲ್ಲಿ ತಂಗಿಯ ಓರಗಿತ್ತಿ ತಮ್ಮ ಹೊಸ ಮನೆಯ ನಕ್ಷೆ ತಂದು ತೋರಿಸಿದಳು. ಹಾಲು, ಪೂಜೆ, ಮಾಸ್ಟರ್ ಬೆಡ್‌ರೂಮು, ಕಾರಿನ ಜಾಗ ಎಲ್ಲಕ್ಕೂ ಅಂಕಿ ಇತ್ತು. ಗೋಡೆಗೆ ಗಾರೆ ಬೀಳುವ ಮುಂಚೆಯೇ ಅಡುಗೆಮನೆಯವರೆಗೆ ಒಂದು ಖಾಲಿ ಪ್ಲಾಸ್ಟಿಕ್ ಕೊಳವೆ ಹಾಕಿಸಿಬಿಡು, ನಾಳೆ ತಂತಿ ಎಳೆಯಲು ಬರುತ್ತದೆ ಎಂದೆ. ಅವಳು ಮೇಸ್ತ್ರಿಯ ಪೆನ್ಸಿಲು ಇಸಿದುಕೊಂಡು ಒಲೆಯ ಕಟ್ಟೆಯ ಬಲಗಡೆ ಒಂದು ಚುಕ್ಕೆ ಇಟ್ಟಳು. ಮೇಸ್ತ್ರಿ "ಇಲ್ಲಿಗ್ಯಾಕಮ್ಮ?" ಎಂದ. "ನಾನಿಲ್ಲಿರ್ತೀನಲ್ಲಪ್ಪ" ಎಂದಳು.